ಪಹಣಿ ಇಲ್ಲದವರ ಮಾತಿಗೂ ಸ್ಥಾನವಿರಲಿ
(ಸುತ್ತೂರಿನಲ್ಲಿ ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಪಿಲಾ ನದಿಯ ದಡದಲ್ಲಿ ಕುಳಿತು ಕಡಲ ಗಾಳಿಯ ವಿದ್ಯುತ್ತಿನ ಬಗ್ಗೆ ಮಾತನಾಡುವುದೇಕೆ ಎಂಬ ಪ್ರಶ್ನೆ ಸಹಜವಾದುದು. ಕಡಲನ್ನು ನಂಬಿ ಬದುಕುವವರ ಹೆಸರಿನಲ್ಲಿ ಕಡಲಿನ ಪಹಣಿ ಇರುವುದಿಲ್ಲ. ನಮ್ಮ ಗೋಮಾಳವನ್ನೂ ಕೆರೆಯಂಗಳವನ್ನೂ ನಂಬಿದವರ ಸ್ಥಿತಿಯೂ ಅದೇ. ಆದ್ದರಿಂದ ಅಲ್ಲಿನ ಪ್ರಶ್ನೆ ನಮ್ಮದೂ ಹೌದು.

ಕಡಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವ ರಾಷ್ಟ್ರೀಯ ನೀತಿ 2015ರಲ್ಲಿ ಜಾರಿಗೆ ಬಂದಿತು. 2024ರ ಜೂನ್ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟವು ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವ್ಯಾಟ್ ಸ್ಥಾವರಗಳಿಗೆ ನೆರವು ನೀಡಲು 7,453 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ನಮ್ಮ ಕರಾವಳಿ ಆ ಯೋಜನೆಯಲ್ಲಿಲ್ಲ. ಆದರೂ ಯೋಚಿಸಲು ಇದೇ ಸಕಾಲ. ನಕ್ಷೆಯಲ್ಲಿ ಗೆರೆ ಎಳೆದ ಮೇಲೆ ಕೇಳುವುದು ಕೇಳಿದಂತಲ್ಲ.

ಒಂದು ಉದಾಹರಣೆ ನೋಡೋಣ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ ದಿನಗಳಲ್ಲಿ ಸಮೀಕ್ಷೆ ನಡೆಸಿದವರಿಗೆ ಮಲ್ಪೆಯ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ ಕಾಣುತ್ತವೆ, ಆಳ ಸಮುದ್ರ ಖಾಲಿಯಾಗಿ ತೋರುತ್ತದೆ. ಯಾವ ತಿಂಗಳಲ್ಲಿ ಯಾವ ದಿಕ್ಕಿಗೆ ಬಲೆ ಹೋಗುತ್ತದೆ ಎಂಬುದು ಮೀನುಗಾರನಿಗೆ ಗೊತ್ತು. ಸುಗ್ಗಿ ಮುಗಿದ ಮೇಲೆ ಕುರಿಮಂದೆ ಬರುವ ಹೊಲವನ್ನು ಬಿತ್ತನೆಯ ಕಾಲದಲ್ಲಿ ಅಳೆದವನಿಗೂ ಕುರಿಗಾಹಿ ಕಾಣುವುದಿಲ್ಲ.

ಜನರನ್ನು ಕೇಳಿದರೆ ಯೋಜನೆ ನಿಂತುಹೋಗುತ್ತದೆ ಎಂಬ ಭಯ ಬೇಡ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ ಎದುರಿನ ಮಿಡ್ಡೆಲ್‌ಗ್ರುಂಡೆನ್ ಎಂಬಲ್ಲಿ ಮೂರು ಸಾಲುಗಳಲ್ಲಿ 27 ಗಾಳಿಯಂತ್ರಗಳನ್ನು ನಿಲ್ಲಿಸುವ ಆಲೋಚನೆಯಿತ್ತು. 1997ರ ಸಾರ್ವಜನಿಕ ಆಲಿಕೆಯಲ್ಲಿ ಆಕ್ಷೇಪ ಬಂದ ಬಳಿಕ ಅದು ಬಾಗಿದ ಒಂದೇ ಸಾಲಿನ 20 ಯಂತ್ರಗಳಾಗಿ ಬದಲಾಯಿತು. 2000ದಲ್ಲಿ ಸ್ಥಾವರ ಪೂರ್ಣಗೊಂಡಿತು. ಅದರ ಅರ್ಧ ಪಾಲು ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದ ಸಹಕಾರ ಸಂಘದ್ದಾಗಿತ್ತು. ಹಾಲಿನ ಸಹಕಾರ ಸಂಘಗಳನ್ನು ಕಟ್ಟಿ ನಡೆಸಿರುವ ನಮಗೆ ಇದು ಅಪರಿಚಿತ ಮಾರ್ಗವೇನಲ್ಲ.

ಇನ್ನು ನಮ್ಮ ರಾಜ್ಯದ ಅನುಭವ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಅಲ್ಲಿ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆಯೊಡನೆ ಗುತ್ತಿಗೆಗೆ ಪಡೆಯಲಾಯಿತು. ಭೂಮಿ ಅವರ ಹೆಸರಿನಲ್ಲೇ ಉಳಿಯಿತು. ಇದು ಮೆಚ್ಚತಕ್ಕ ಕ್ರಮ. ಆದರೆ ಗುತ್ತಿಗೆಯ ಹಣ ಪಹಣಿ ಇದ್ದವರಿಗೆ ಬಂದಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ದನಕುರಿ ಮೇಯಿಸುತ್ತಿದ್ದವರಿಗೂ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ.

ಸೌರ ಸ್ಥಾವರಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿ ಬೇಕಿಲ್ಲ. ಆದ್ದರಿಂದ ಆ ಅಧಿಸೂಚನೆಯ ಸಾರ್ವಜನಿಕ ಆಲಿಕೆಯೂ ಇಲ್ಲ. ಆಗ ಜನರ ಮಾತಿಗೆ ಉಳಿಯುವ ಹತ್ತಿರದ ವೇದಿಕೆ ನಮ್ಮ ವಾರ್ಡ್‌ಸಭೆ ಮತ್ತು ಗ್ರಾಮಸಭೆ. ಅವನ್ನು ಸಹಿ ಸಂಗ್ರಹದ ಸಭೆಗಳನ್ನಾಗಿ ಮಾಡಿದರೆ ತಪ್ಪು ನಮ್ಮದೇ.

ಸದಸ್ಯರಲ್ಲಿ ನನ್ನ ಮನವಿ ಇಷ್ಟು. ಮೊದಲನೆಯದಾಗಿ, ಯಾವ ಯೋಜನೆಯೂ ಬರುವ ಮುನ್ನವೇ ನಿಮ್ಮ ಊರಿನ ಸಾಮೂಹಿಕ ಭೂಮಿ ಮತ್ತು ಜಲಮೂಲಗಳನ್ನು ಯಾರು, ಯಾವ ತಿಂಗಳಲ್ಲಿ, ಯಾವುದಕ್ಕೆ ಬಳಸುತ್ತಾರೆಂದು ಬರೆದಿಡಿ. ಎರಡನೆಯದಾಗಿ, ಕೂಲಿಕಾರರು, ಮಹಿಳೆಯರು, ಕುರಿಗಾಹಿಗಳು, ನದಿ ಮೀನುಗಾರರು ಕೆಲಸದಿಂದ ಮರಳಿದ ಹೊತ್ತಿಗೆ ಸಭೆ ಸೇರಿಸಿ. ಮೂರನೆಯದಾಗಿ, ಒಪ್ಪಿಗೆಯನ್ನಷ್ಟೇ ಅಲ್ಲದೆ ಆಕ್ಷೇಪವನ್ನೂ ಷರತ್ತನ್ನೂ ನಡಾವಳಿಯಲ್ಲಿ ದಾಖಲಿಸಿ.

ವಿದ್ಯುತ್ ನಮಗೆಲ್ಲರಿಗೂ ಬೇಕು. ಅದರ ಬೆಳಕು ಎಲ್ಲರ ಮನೆಗೆ ಬರುವುದಾದರೆ, ಅದರ ಭಾರವನ್ನು ಮಾತಿಲ್ಲದವರ ಹೆಗಲಿಗಷ್ಟೇ ಹೊರಿಸಬಾರದು. ನಡಾವಳಿ ಪುಸ್ತಕ ನಿಮ್ಮ ಕೈಯಲ್ಲಿದೆ; ಪಹಣಿಯಲ್ಲಿ ಹೆಸರಿಲ್ಲದವನ ಮಾತು ಅದರಲ್ಲಾದರೂ ಇರಲಿ.