ಎರಡನೆಯ ಭಾಷೆಯ ಹೊರೆ ಯಾರ ಹೆಗಲಿಗೆ?

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎರಡನೆಯ ಭಾಷೆಯೊಂದನ್ನು ಕಲಿಯಬೇಕೆ ಬೇಡವೆ ಎಂಬ ಚರ್ಚೆಗೆ ನಾವು ಇಂದು ಸೇರಿಲ್ಲ. ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಲಿಯುವಾಗ ಆಗುವ ತಪ್ಪಿಗೆ ದಂಡ ತೆರಬೇಕಾದವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಕೆನಡಾ ದೇಶದ ರಾಜಧಾನಿಯಲ್ಲಿರುವ ಅಟವಾ ವಿಶ್ವವಿದ್ಯಾನಿಲಯ ಇದಕ್ಕೆ ಒಂದು ಉತ್ತರ ಕೊಟ್ಟಿದೆ. ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಅಲ್ಲಿ ಪಾಠ ನಡೆಯುತ್ತದೆ. 1848ರಲ್ಲಿ ಅದು ಸಣ್ಣ ಕಾಲೇಜಾಗಿ ಆರಂಭವಾದುದೇ ಎರಡು ಭಾಷೆಗಳ ಮಕ್ಕಳನ್ನು ಒಟ್ಟಿಗೆ ಕೂರಿಸಬೇಕೆಂಬ ಉದ್ದೇಶದಿಂದ.

ಆದರೆ ಫ್ರೆಂಚಿಗೆ ಅಲ್ಲಿ ದೊರೆತಿರುವ ಸ್ಥಾನ ಯಾರೋ ಕೊಟ್ಟ ದಾನವಲ್ಲ. ಅಟವಾ ಇರುವ ಒಂಟಾರಿಯೊ ಪ್ರಾಂತದಲ್ಲಿ ಇಂಗ್ಲಿಷಿನವರದೇ ಬಹುಮತ. 1912ರಲ್ಲಿ ಪ್ರಾಂತ ಸರ್ಕಾರವು 17ನೆಯ ನಿಯಮವೆಂಬುದನ್ನು ಹೊರಡಿಸಿ, ಶಾಲೆಯ ಮೊದಲ ಎರಡು ವರ್ಷಗಳಾಚೆಗೆ ಫ್ರೆಂಚಿನಲ್ಲಿ ಪಾಠ ಹೇಳಬಾರದೆಂದಿತು. ಅಟವಾದ ಗೀಗ್ ಶಾಲೆಯಲ್ಲಿ ದೇಲೋಜ್ ಮನೆತನದ ಅಕ್ಕತಂಗಿಯರಿಬ್ಬರು ಆಜ್ಞೆಯನ್ನು ಮೀರಿ ಕಲಿಸಿದರು. 1916ರ ಜನವರಿಯಲ್ಲಿ ಶಾಲೆಯನ್ನು ವಶಪಡಿಸಿಕೊಳ್ಳಲು ಬಂದವರಿಗೆ ಎದುರಾಗಿ ನಿಂತವರು ಮಕ್ಕಳ ತಾಯಂದಿರು. ಅವರ ಕೈಯಲ್ಲಿದ್ದ ಆಯುಧ, ಟೋಪಿಗೆ ಚುಚ್ಚಿಕೊಳ್ಳುವ ಉದ್ದನೆಯ ಸೂಜಿ! 1927ರಲ್ಲಿ ಸರ್ಕಾರ ಹಿಂದೆ ಸರಿಯಿತು. 1965ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೊಸ ಶಾಸನವಾದಾಗ, ಒಂಟಾರಿಯೊದ ಫ್ರೆಂಚ್ ಸಂಸ್ಕೃತಿಯನ್ನು ಉಳಿಸಿ ಬೆಳೆಸುವುದು ಅದರ ಧ್ಯೇಯಗಳಲ್ಲಿ ಸೇರಿತು.

ಇಂದಿನ ಏರ್ಪಾಟು ಹೀಗಿದೆ. ಪಾಠ ಯಾವ ಭಾಷೆಯಲ್ಲೇ ನಡೆಯಲಿ, ವಿದ್ಯಾರ್ಥಿಯು ಪರೀಕ್ಷೆಯ ಉತ್ತರವನ್ನು ಎರಡರಲ್ಲಿ ತನಗೆ ಬೇಕಾದ ಭಾಷೆಯಲ್ಲಿ ಬರೆಯಬಹುದು. ಭಾಷೆಯನ್ನೇ ಕಲಿಸುವ ತರಗತಿಗಳಿಗೆ ಮಾತ್ರ ಇದು ಅನ್ವಯಿಸದು. ಫ್ರೆಂಚ್ ಕಲಿಯಬೇಕೆಂಬ ಇಂಗ್ಲಿಷ್ ಹುಡುಗನಿಗೆ 2006ರಲ್ಲಿ ಬೇರೊಂದು ದಾರಿ ತೆರೆಯಿತು. ಚರಿತ್ರೆಯನ್ನೋ ಅರ್ಥಶಾಸ್ತ್ರವನ್ನೋ ಅವನು ಫ್ರೆಂಚರ ನಡುವೆಯೇ ಕುಳಿತು ಕೇಳುತ್ತಾನೆ. ಅದೇ ಪಾಠವನ್ನು ಆಧಾರವಾಗಿಟ್ಟುಕೊಂಡು ಭಾಷಾ ಅಧ್ಯಾಪಕರು ವಾರಕ್ಕೆ ಒಂದೂವರೆ ಗಂಟೆ ಬೇರೆಯಾಗಿ ನೆರವಾಗುತ್ತಾರೆ. ಇಂಥ ಕೆಲವು ವಿಷಯಗಳಲ್ಲಿ ಅಂಕ ಬರೆಯದೆ, ತೇರ್ಗಡೆಯೋ ಅಲ್ಲವೋ ಎಂದಷ್ಟೇ ದಾಖಲಿಸುವಂತೆ ಅವನು ಕೇಳಿಕೊಳ್ಳಬಹುದು. ನುಡಿ ತೊದಲಿದ ಮಾತ್ರಕ್ಕೆ ಅವನ ಸರಾಸರಿ ಇಳಿಯದು.

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾವು ಹೇಳುತ್ತಿಲ್ಲ. ವಿದ್ಯಾರ್ಥಿಗಳಲ್ಲಿ ಇಂಗ್ಲಿಷಿನವರೇ ಹೆಚ್ಚು. ಫ್ರೆಂಚ್ ಹುಡುಗನಿಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಗೆಳೆಯರ ಗುಂಪಿನಲ್ಲಿ ಇಂಗ್ಲಿಷ್ ತಾನಾಗಿ ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಹುಡುಗನಿಗೆ ಫ್ರೆಂಚ್ ಹಾಗೆ ಬಾರದು. ಬಲವಿದ್ದ ಭಾಷೆ ಯಾರನ್ನೂ ಕೇಳದೆ ಮನೆಗೆ ನುಗ್ಗುತ್ತದೆ, ಬಲವಿಲ್ಲದ ಭಾಷೆಗೆ ಕಾನೂನಿನ ಊರುಗೋಲು ಬೇಕು.

ಈಗ ನಮ್ಮ ಮನೆಯನ್ನು ನೋಡೋಣ. ಕನ್ನಡ ಶಾಲೆಯಲ್ಲಿ ಓದಿ ಬಂದ ರೈತನ ಮಗಳು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರುತ್ತಾಳೆ. ವಿಷಯ ಹೊಸದು, ಭಾಷೆಯೂ ಹೊಸದು. ಎದ್ದು ಪ್ರಶ್ನೆ ಕೇಳಿದರೆ ತಪ್ಪಾದೀತೆಂದು ಸುಮ್ಮನಿರುತ್ತಾಳೆ. ನಪಾಸಾದರೆ ದಡ್ಡಿಯೆಂಬ ಹೆಸರು! ಅವಳು ಸೋತದ್ದು ವಿಜ್ಞಾನದಲ್ಲೋ, ಇಂಗ್ಲಿಷಿನಲ್ಲೋ? ವಿಚಾರಿಸುವವರಿಲ್ಲ.

ಕಲಾ ವಿಷಯಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶ ನಮ್ಮಲ್ಲಿ ಬಂದು ಬಹುಕಾಲವಾಯಿತು. ಅಷ್ಟು ಸಾಲದು. ಪ್ರತಿಯೊಂದು ವಿಷಯದಲ್ಲೂ ಆ ಹಕ್ಕು ಬೇಕು. ಪಾಠಕ್ಕೆ ಹೊಂದಿಕೊಂಡೇ ಭಾಷೆಯ ನೆರವು ಬೇಕು. ಕಲಿಯುವ ಮೊದಲ ದಿನಗಳ ತಪ್ಪಿಗೆ ಮಾಫಿ ಬೇಕು. ಇಂಗ್ಲಿಷನ್ನು ನಾವು ಕಲಿಯೋಣ, ತಲೆ ಎತ್ತಿ ಕಲಿಯೋಣ. ಅದರ ಹೊರೆಯನ್ನು ಬಡವರ ಮಕ್ಕಳ ಹೆಗಲಿಗೇರಿಸಿ ವಿಶ್ವವಿದ್ಯಾನಿಲಯ ಕೈಬೀಸಿ ನಡೆಯುವುದನ್ನು ಮಾತ್ರ ಒಪ್ಪದಿರೋಣ.