ವಿಮಾನ ಇಳಿಯೋದು ಒಂದೂರು, ಮನೆ ಇನ್ನೊಂದೂರು: 72 ಗಂಟೆಯ ನಿಯಮದ ಕಥೆ

ನಾನು ದಾವಣಗೆರೆಯವನು. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸ ಹಿಡಿದು, ಮೊದಲು ಬೆಂಗಳೂರು, ಆಮೇಲೆ ಜರ್ಮನಿ ಅಂತ ಸುತ್ತಿ, ಈಗ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಕೂತು ಕೆಲಸ ಮಾಡ್ತಿದ್ದೀನಿ. ಇದು ನನ್ನ ಹೆಂಡತಿಯ ತವರು. ನಮ್ಮ ಮಾವನವರು ಬಳ್ಳಾರಿ ಕಡೆಯವರು. ರೈಲ್ವೆ ನೌಕರಿಗೆ ಅಂತ ಇಲ್ಲಿಗೆ ಬಂದು ಇಲ್ಲೇ ನೆಲೆ ನಿಂತರು. ಹಿಂದಿನಿಂದ ಬೆಸೆಂಟ್ ರೋಡಿನ ಗದ್ದಲ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಇವತ್ತಿನ ವಿಷಯ, ಕೊರೊನಾ ಕಾಲದಲ್ಲಿ ವಿದೇಶದಿಂದ ಬರುವವರಿಗೆ ಇದ್ದ ಟೆಸ್ಟು, ಕ್ವಾರಂಟೈನ್ ಮತ್ತು ಪ್ರವೇಶ ನಿಯಮಗಳು. ಮುಗಿದು ಹೋದ ಕಥೆ ಈಗ್ಯಾಕೆ ಅಂತ ನೀವು ಕೇಳಬಹುದು. ಮುಂದಿನ ಸಲಕ್ಕೆ ನಿಯಮ ಬರೆಯುವ ಕೆಲಸ ಈಗಲೇ ನಡೀತಿದೆ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ 2025ರ ಮೇ 20ರಂದು ಸಾಂಕ್ರಾಮಿಕ ಒಪ್ಪಂದ ಅಂಗೀಕಾರವಾಯಿತು. ತಿದ್ದುಪಡಿ ಮಾಡಿದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಅದೇ ವರ್ಷ ಸೆಪ್ಟೆಂಬರ್ 19ರಿಂದ ಜಾರಿಗೆ ಬಂದವು. ಹಾಗಾಗಿ ಹಿಂದಿನ ಸಲ ನಮ್ಮಂಥವರಿಗೆ, ಅಂದರೆ ಊರು ಬಿಟ್ಟು ದೂರ ಇರುವವರಿಗೆ, ನಿಯಮ ಎಲ್ಲಿ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಅಂತ ನೆನಪಿರುವಾಗಲೇ ಹೇಳಿಡಬೇಕು.

ನಾನು ಹೇಳಬೇಕಾಗಿರೋದು ಇಷ್ಟೇ. ಆ ನಿಯಮಗಳೆಲ್ಲ ವಿಮಾನ ನಿಲ್ದಾಣದ ಬಾಗಿಲನ್ನು ನೋಡಿಕೊಂಡು ಬರೆದವು. ನಮ್ಮ ಪ್ರಯಾಣ ಆ ಬಾಗಿಲಲ್ಲಿ ಮುಗಿಯೋದಿಲ್ಲ. ನಾವು ಇಳಿಯೋದು ದಿಲ್ಲಿ, ಮುಂಬೈ, ಹೈದರಾಬಾದ್, ಬೆಂಗಳೂರು. ಹೋಗಬೇಕಾಗಿರೋದು ದಾವಣಗೆರೆ, ಕಲಬುರಗಿ, ವಿಜಯವಾಡ.

ಮೂರು ಉದಾಹರಣೆ ಕೊಡ್ತೀನಿ, ಮೂರೂ ನಮ್ಮ ಸುತ್ತಮುತ್ತಲಿನವೇ.

ಮೊದಲನೆಯದು, 2020ರ ಮಾರ್ಚ್ 2ರಂದು ತೆಲಂಗಾಣದಲ್ಲಿ ಮೊದಲ ಪ್ರಕರಣ ಅಂತ ಘೋಷಣೆಯಾದದ್ದು. ಆ ವ್ಯಕ್ತಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್ ಎಂಜಿನಿಯರ್. ಕೆಲಸದ ಮೇಲೆ ದುಬೈಗೆ ಹೋಗಿ, ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ ಹಿಡಿದು ಹೈದರಾಬಾದಿಗೆ ಹೋಗಿದ್ದರು. ಆಗಿನ್ನೂ ಕೆಲವೇ ದೇಶಗಳಿಂದ ಬಂದವರಿಗೆ ಮಾತ್ರ ತಪಾಸಣೆ ಇತ್ತು. ಎಲ್ಲ ಅಂತರರಾಷ್ಟ್ರೀಯ ಪ್ರಯಾಣಿಕರಿಗೂ ತಪಾಸಣೆ ಅಂತ ಆದದ್ದು ಮಾರ್ಚ್ 4ರಿಂದ.

ಎರಡನೆಯದು ಇದರ ತಿರುವುಮುರುವು. ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ಫೆಬ್ರವರಿ 29ರಂದು ಸೌದಿ ಅರೇಬಿಯಾದಿಂದ ಹೈದರಾಬಾದಿಗೆ ಬಂದಿಳಿದರು. ನಿಲ್ದಾಣದಲ್ಲಿ ತಪಾಸಣೆ ಆಯಿತು, ಲಕ್ಷಣ ಏನೂ ಇರಲಿಲ್ಲ, ಊರಿಗೆ ಹೋದರು. ಮಾರ್ಚ್ 10ರಂದು ತೀರಿಕೊಂಡರು. ಎರಡು ದಿನದ ನಂತರ ಅದು ದೇಶದ ಮೊದಲ ಕೊರೊನಾ ಸಾವು ಅಂತ ದೃಢಪಟ್ಟಿತು.

ಮೂರನೆಯದು ಇದೇ ಆಂಧ್ರದ್ದು, ಸುಮಾರು ಎರಡು ವರ್ಷ ಆದಮೇಲಿನದು. 2021ರ ನವೆಂಬರ್ ಕೊನೆಯಲ್ಲಿ ಐರ್ಲೆಂಡಿನಿಂದ ಒಬ್ಬರು ಮುಂಬೈಗೆ ಬಂದರು. ಮುಂಬೈಯಲ್ಲಿ ಟೆಸ್ಟು ಮಾಡಿದರು, ನೆಗೆಟಿವ್. ನವೆಂಬರ್ 27ರಂದು ವಿಶಾಖಪಟ್ಟಣಕ್ಕೆ ಬಂದರು. ಆಮೇಲೆ ವಿಜಯನಗರಂನಲ್ಲಿ ಇನ್ನೊಂದು ಟೆಸ್ಟು ಮಾಡಿದಾಗ ಪಾಸಿಟಿವ್. ಸ್ಯಾಂಪಲ್ ಹೈದರಾಬಾದಿನ ಸಿಸಿಎಂಬಿಗೆ ಹೋಯಿತು, ಓಮಿಕ್ರಾನ್ ಅಂತ ಬಂತು. ಡಿಸೆಂಬರ್ 12ರಂದು ಆಂಧ್ರದ ಮೊದಲ ಓಮಿಕ್ರಾನ್ ಪ್ರಕರಣ ಅಂತ ಪ್ರಕಟಿಸಿದರು.

ಮೊದಲ ಎರಡು ಪ್ರಕರಣಗಳಲ್ಲಿ ಟೆಸ್ಟೇ ಇರಲಿಲ್ಲ, ಮೂರನೆಯದರಲ್ಲಿ ಇತ್ತು ಅಂತ ನೀವು ಹೇಳಬಹುದು. ನಿಜ. ಆದರೆ ಸೋಂಕು ಹಿಡಿದಿದ್ದು ಮುಂಬೈಯ ದೊಡ್ಡ ನಿಲ್ದಾಣ ಅಲ್ಲ. ಜಿಲ್ಲೆಯಲ್ಲಿ ಮಾಡಿದ ಎರಡನೇ ಟೆಸ್ಟು. ಮುಂಬೈಯ ಲ್ಯಾಬ್ ತಪ್ಪು ಮಾಡಿತು ಅಂತಲೂ ಹೇಳಕ್ಕಾಗಲ್ಲ. ಶನಿವಾರ ಸೋಂಕು ತಗುಲಿ ಭಾನುವಾರ ಮೂಗಿನಿಂದ ಸ್ಯಾಂಪಲ್ ತೆಗೆದರೆ ವೈರಸ್ ಇನ್ನೂ ಕಾಣಿಸಿಕೊಳ್ಳುವಷ್ಟು ಬೆಳೆದಿರೋದಿಲ್ಲ. ಆರ್‌ಟಿ-ಪಿಸಿಆರ್ ಎಷ್ಟೇ ಒಳ್ಳೆ ಟೆಸ್ಟ್ ಆದರೂ ಅದು ಆ ಕ್ಷಣದ ಫೋಟೋ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದೊಂದು ಸ್ನ್ಯಾಪ್‌ಶಾಟ್. ನಿಯಮ ಅದನ್ನು ಮೂರು ದಿನ ಚಲಾವಣೆಯಲ್ಲಿರುವ ಪಾಸ್ ತರಹ ಬಳಸಿತು.

ಈಗ ನಿಯಮಗಳು ಹೇಗೆ ಬದಲಾದವು ಅಂತ ಬೇಗ ನೋಡಿಬಿಡೋಣ. 2020ರ ಮಾರ್ಚ್ 22ರಿಂದ ವಿದೇಶಿ ವಿಮಾನಗಳು ಬಂದ್. ವೇಳಾಪಟ್ಟಿ ಪ್ರಕಾರದ ಹಾರಾಟ ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ನಡುವೆ ಎರಡು ವರ್ಷ ವಂದೇ ಭಾರತ್ ವಿಮಾನಗಳು, ಆಮೇಲೆ ಏರ್ ಬಬಲ್. 2020ರ ಮೇ ತಿಂಗಳ ನಿಯಮದಲ್ಲಿ ಏಳು ದಿನ ನಮ್ಮದೇ ಖರ್ಚಿನಲ್ಲಿ ಹೋಟೆಲಿನಲ್ಲಿ ಕ್ವಾರಂಟೈನ್, ಏಳು ದಿನ ಮನೆಯಲ್ಲಿ. ಆಗಸ್ಟಿನಲ್ಲಿ ಏರ್ ಸುವಿಧಾ ಪೋರ್ಟಲ್ ಬಂತು. 96 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಇದ್ದರೆ ಹೋಟೆಲ್ ವಾಸದಿಂದ ವಿನಾಯಿತಿ. 2021ರ ಫೆಬ್ರವರಿಯಲ್ಲಿ 96 ಹೋಗಿ 72 ಆಯಿತು, ಎಲ್ಲರಿಗೂ ಕಡ್ಡಾಯವೂ ಆಯಿತು.

ಇದೇ ಫೆಬ್ರವರಿಯ ನಿಯಮದಲ್ಲಿ ಒಂದು ಸಾಲು ಇತ್ತು. ಅದನ್ನು ನಮ್ಮ ಮನೆಯಲ್ಲಿ ಯಾರೂ ಮರೆಯೋದಿಲ್ಲ.

2021ರ ಮೇ ತಿಂಗಳ ಮಧ್ಯೆ, ಒಂದು ಶುಕ್ರವಾರ ರಾತ್ರಿ, ಬಾಮೈದ ಫೋನ್ ಮಾಡಿದ. "ಭಾವ, ಅಪ್ಪಂಗೆ ಸ್ಟ್ರೋಕ್ ಆಗಿದೆ. ಡಾಕ್ಟ್ರು ಬೇಗ ಬನ್ನಿ ಅಂತಿದಾರೆ." ಕೊರೊನಾ ಅಲ್ಲ, ಪಾರ್ಶ್ವವಾಯು. ನಾವಿಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತು ನಿಯಮ ಓದಿದ್ವಿ. ನೆಗೆಟಿವ್ ರಿಪೋರ್ಟ್ ಇಲ್ಲದೆ ಬರಲು ವಿನಾಯಿತಿ ಇದ್ದದ್ದು ಒಂದೇ ಕಾರಣಕ್ಕೆ: ಕುಟುಂಬದಲ್ಲಿ ಸಾವು. ಅದಕ್ಕೂ ವಿಮಾನ ಹತ್ತುವ 72 ಗಂಟೆ ಮೊದಲು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು.

ನನ್ನ ಹೆಂಡತಿ ಎರಡು ಸಲ ಓದಿ, "ಅಂದ್ರೆ ಅಪ್ಪ ಹೋದ್ಮೇಲೆ ಅರ್ಜಿ ಹಾಕ್ಬೇಕಾ?" ಅಂದಳು.

ಹಿಂದಿನ ವರ್ಷದ ನಿಯಮದಲ್ಲಿ ಹೀಗಿರಲಿಲ್ಲ. 2020ರ ಮೇ ತಿಂಗಳಲ್ಲೂ ಆಗಸ್ಟಿನಲ್ಲೂ ಗರ್ಭಿಣಿಯರು, ಮನೆಯಲ್ಲಿ ಸಾವು, ಗಂಭೀರ ಕಾಯಿಲೆ, ಹತ್ತು ವರ್ಷದೊಳಗಿನ ಮಕ್ಕಳಿರುವವರು ಅಂತ ಪಟ್ಟಿ ಇತ್ತು. ಅಂಥವರಿಗೆ ಹೋಟೆಲ್ ಬದಲು ಮನೆಯಲ್ಲೇ ಕ್ವಾರಂಟೈನ್ ಕೊಡಬಹುದಿತ್ತು. ನಿಯಮ ಬಿಗಿ ಮಾಡುವಾಗ ಆ ಪಟ್ಟಿಯಿಂದ ಉಳಿದದ್ದು ಸಾವು ಮಾತ್ರ. ಸಾವಿಗೂ ಮೂರು ದಿನದ ಮುಂಚೆ ಅರ್ಜಿ ಅಂದರೆ ಏನರ್ಥ? ನಮ್ಮಲ್ಲಿ ಮೂರನೇ ದಿನಕ್ಕೆ ಅಸ್ಥಿ ಸಂಚಯನವೇ ಆಗಿರುತ್ತೆ. ಯಾವುದೋ ಫಾರ್ಮಿನ ಎಲ್ಲ ಕಲಮುಗಳಿಗೂ ಅನ್ವಯಿಸಿದ 72 ಅನ್ನೋ ಅಂಕಿಯನ್ನು ಇದಕ್ಕೂ ಅಂಟಿಸಿದ ಹಾಗಿತ್ತು. ಕೋಡ್ ರಿವ್ಯೂನಲ್ಲಿ ಇಂಥದ್ದನ್ನು ಕಂಡರೆ ನಾವು ಪಾಸ್ ಮಾಡ್ತೀವಾ?

ನಾವು ವಿನಾಯಿತಿ ಕೇಳಲಿಲ್ಲ. ಶನಿವಾರ ಬೆಳಗ್ಗೆ ಸ್ಯಾಂಪಲ್ ಕೊಟ್ಟು, ಭಾನುವಾರ ಸಂಜೆ ರಿಪೋರ್ಟ್ ಕೈಗೆ ಬಂದು, ಅದರ ಪಿಡಿಎಫ್ ಏರ್ ಸುವಿಧಾಗೆ ಏರಿಸಿ, ಸೋಮವಾರ ಫ್ರಾಂಕ್‌ಫರ್ಟ್‌ನಿಂದ ಹೊರಟ್ವಿ. ಮಂಗಳವಾರ ದಿಲ್ಲಿ. ಯುರೋಪಿನಿಂದ ಬಂದವರು ಇಳಿದ ಮೇಲೆ ತಮ್ಮ ಖರ್ಚಿನಲ್ಲಿ ಇನ್ನೊಂದು ಟೆಸ್ಟು ಮಾಡಿಸಬೇಕಿತ್ತು, ಮಾಡಿಸಿದ್ವಿ. ಬ್ರಿಟನ್, ಬ್ರೆಜಿಲ್, ದಕ್ಷಿಣ ಆಫ್ರಿಕಾದವರು ಫಲಿತಾಂಶ ಬರುವವರೆಗೆ ಕಾಯಬೇಕು. ನಾವು ಸ್ಯಾಂಪಲ್ ಕೊಟ್ಟು ಹೋಗಬಹುದು. ಹಾಗಾಗಿ ಫಲಿತಾಂಶ ಗೊತ್ತಿಲ್ಲದೆಯೇ, ತುಂಬಿದ ದೇಶೀಯ ವಿಮಾನ ಹತ್ತಿ ಗನ್ನವರಂಗೆ ಬಂದ್ವಿ. ಆಂಧ್ರದಲ್ಲಿ ಆಗ ಮಧ್ಯಾಹ್ನ 12ರಿಂದ ಬೆಳಗ್ಗೆ 6ರವರೆಗೆ ಕರ್ಫ್ಯೂ. ನಾಕಾಬಂದಿಯಲ್ಲಿ ಪೊಲೀಸರಿಗೆ ವಿಮಾನದ ಟಿಕೆಟ್ ತೋರಿಸ್ತಾ ಗವರ್ನರ್‌ಪೇಟೆ ತಲುಪಿದ್ವಿ. ದಿಲ್ಲಿಯ ರಿಪೋರ್ಟ್ ಮರುದಿನ ಮೊಬೈಲಿಗೆ ಬಂತು, ನೆಗೆಟಿವ್. ಪಾಸಿಟಿವ್ ಅಂತ ಬಂದಿದ್ದರೆ? ಆ ವಿಮಾನದಲ್ಲಿ ನಮ್ಮ ಪಕ್ಕ ಕೂತಿದ್ದವರನ್ನು ಯಾರು ಹುಡುಕುತ್ತಿದ್ದರು?

ಮಾವನವರ ಜೊತೆ ನಮಗೆ ಒಂಬತ್ತು ದಿನ ಸಿಕ್ಕಿತು. ಮಾತು ನಿಂತಿತ್ತು, ಮಗಳ ಗುರುತು ಸಿಗುತ್ತಿತ್ತು. ಕೈ ಹಿಡಿದರೆ ಬಿಡುತ್ತಿರಲಿಲ್ಲ. ಟೆಸ್ಟಿನ ರಿಪೋರ್ಟ್ ಒಂದು ದಿನ ತಡವಾಗಿದ್ದರೆ ಎಂಟು ದಿನ, ವಿಮಾನ ತಪ್ಪಿದ್ದರೆ ಐದೋ ಆರೋ. ಇಂಥ ಲೆಕ್ಕವನ್ನು ನಿಮ್ಮಲ್ಲೂ ಅನೇಕರು ಹಾಕಿರ್ತೀರಿ ಅಂತ ನನಗೆ ಗೊತ್ತು.

ಇನ್ನೊಂದು ಕಡೆಯ ಬಾಗಿಲಿನ ಕಥೆಯೂ ಇದೆ. ಜರ್ಮನಿ ಏಪ್ರಿಲ್ ಕೊನೆಗೆ ಭಾರತವನ್ನು ವೈರಸ್ ರೂಪಾಂತರದ ಪ್ರದೇಶ ಅಂತ ಘೋಷಿಸಿತ್ತು. ಆದರೂ ಅಲ್ಲಿ ವಾಸದ ಪರ್ಮಿಟ್ ಇದ್ದವರಿಗೆ ವಾಪಸ್ ಹೋಗಲು ಅವಕಾಶವಿತ್ತು. ಟೆಸ್ಟು, ಮತ್ತು 14 ದಿನ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಅಮೆರಿಕದಲ್ಲಿದ್ದ ನಮ್ಮ ಗೆಳೆಯರ ಪಾಡು ಬೇರೆ. ಮೇ 4ರಿಂದ, ಹಿಂದಿನ 14 ದಿನ ಭಾರತದಲ್ಲಿದ್ದ, ವಲಸೆ ವೀಸಾ ಅಲ್ಲದವರಿಗೆ ಅಮೆರಿಕದ ಪ್ರವೇಶ ನಿಂತಿತು. ಕೆಲವು ವಿನಾಯಿತಿ ಇದ್ದವು; ಎಚ್‌-1ಬಿ ಇಟ್ಟುಕೊಂಡಿದ್ದ ಸಾಮಾನ್ಯ ಎಂಜಿನಿಯರ್ ಅವುಗಳಲ್ಲಿ ಸೇರುತ್ತಿರಲಿಲ್ಲ. ಊರಿಗೆ ಬರಬಹುದಿತ್ತು, ವಾಪಸ್ ಹೋಗುವ ದಾರಿ ಇರಲಿಲ್ಲ. ನನ್ನ ಸಹಪಾಠಿಯೊಬ್ಬ ಅಮ್ಮನ ಕೊನೆಯ ದರ್ಶನವನ್ನು ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ಮಾಡಿದ. ಹೆಂಡತಿ ಮಕ್ಕಳು ಅಲ್ಲಿ, ಕೆಲಸ ಅಲ್ಲಿ. ಅವನನ್ನು ತಡೆದದ್ದು ಭಾರತದ ಯಾವ ನಿಯಮವೂ ಅಲ್ಲ. ಆ ತಡೆ ತೆಗೆದದ್ದು ನವೆಂಬರ್ 8ಕ್ಕೆ, ಲಸಿಕೆ ಕಡ್ಡಾಯ ಮಾಡಿ.

ಲಸಿಕೆಯಲ್ಲೂ ಅದೇ ಗೋಜಲು. ಹೈದರಾಬಾದಿನಲ್ಲೇ ತಯಾರಾದ ಕೋವ್ಯಾಕ್ಸಿನ್ 2021ರ ಜನವರಿಯಿಂದ ಕೊಡ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಅದು ಸೇರಿದ್ದು ನವೆಂಬರ್ 3ಕ್ಕೆ, ಅಮೆರಿಕದ ಬಾಗಿಲು ತೆರೆಯಲು ಐದು ದಿನ ಇರುವಾಗ. ಮಗಳ ಬಾಣಂತನಕ್ಕೆ ಹೊರಡಲು ಸೂಟ್‌ಕೇಸ್ ಕಟ್ಟಿ ಕೂತಿದ್ದ ಎಷ್ಟು ತಾಯಂದಿರು ಆ ಪಟ್ಟಿಗಾಗಿ ಕಾದರೋ! ಒಳ್ಳೆ ಕೆಲಸವೂ ಆಗದೇ ಇರಲಿಲ್ಲ. ಕೋವಿಶೀಲ್ಡ್‌ನ ಎರಡನೇ ಡೋಸಿಗೆ 84 ದಿನ ಕಾಯಬೇಕಿದ್ದಾಗ, ಓದಲು ಮತ್ತು ಕೆಲಸಕ್ಕೆ ವಿದೇಶಕ್ಕೆ ಹೋಗುವವರಿಗೆ 28 ದಿನದ ನಂತರ ಕೊಡಬಹುದು ಅಂತ ಜೂನ್ 7ರಂದು ಆದೇಶ ಬಂತು. ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ನಂಬರ್ ಸೇರಿಸುವ ವ್ಯವಸ್ಥೆಯೂ ಬಂತು. ಯಾರಿಗೆ ಏನು ತೊಂದರೆ ಅಂತ ಕೇಳಿ ಬರೆದ ನಿಯಮ ಹಾಗಿರುತ್ತೆ.

ಹಾಗಾದರೆ ಪ್ರವೇಶ ನಿಯಮವೇ ಬೇಡವೇ? ಬೇಕು. ಪ್ರತಿ ಪ್ರಯಾಣಿಕನ ಹಿಂದೆ ಒಂದು ಊರಿದೆ, ಅಲ್ಲೂ ವಯಸ್ಸಾದವರಿದ್ದಾರೆ. ಆದರೆ ಬಾಗಿಲಿನ ಮೇಲೆ ಇಟ್ಟ ನಂಬಿಕೆ ಅತಿಯಾಗಿತ್ತು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣ ಬೆಂಗಳೂರಿನಲ್ಲಿ ಅಂತ ಪ್ರಕಟವಾದಾಗ, ಒಬ್ಬರು ವಿದೇಶದಿಂದ ಬಂದವರು, ಇನ್ನೊಬ್ಬರು ಎಲ್ಲಿಗೂ ಹೋಗಿರದ ಸ್ಥಳೀಯ ವೈದ್ಯರು. ನಾವು ಬಾಗಿಲು ಕಾಯುತ್ತಿದ್ದಾಗಲೇ ಅದು ಮನೆಯೊಳಗೆ ಬಂದಿತ್ತು.

ಹಾಗಾಗಿ ಮುಂದಿನ ಸಲಕ್ಕೆ ನನ್ನ ಬೇಡಿಕೆ ಮೂರು.

ಒಂದು, ನಿಯಮ ಪ್ರಯಾಣದ ಕೊನೆಯ ಊರಿನವರೆಗೆ ಬರಲಿ. ವಿಜಯನಗರಂನಲ್ಲಿ ಆದ ಹಾಗೆ ಜಿಲ್ಲೆಯಲ್ಲೇ ಎರಡನೇ ಟೆಸ್ಟು ಇರಲಿ. 2021ರ ಡಿಸೆಂಬರ್ 1ರಿಂದ ಅಪಾಯದ ದೇಶಗಳವರಿಗೆ ಎಂಟನೇ ದಿನ ಮತ್ತೆ ಟೆಸ್ಟು ಅಂತ ಮಾಡಿದರಲ್ಲ, ಅದು ಸರಿಯಾದ ದಿಕ್ಕು. ಆ ಕೆಲಸ ಮಾಡೋರು ಆಶಾ ಕಾರ್ಯಕರ್ತೆಯರು, ವಾರ್ಡಿನ ಸಿಬ್ಬಂದಿ, ಜಿಲ್ಲೆಯ ಲ್ಯಾಬಿನವರು. ದುಡ್ಡು ಮತ್ತು ಜನ ಅಲ್ಲಿಗೆ ಹೋಗಬೇಕು.

ಎರಡು, ಗಂಭೀರ ಕಾಯಿಲೆ ಅನ್ನೋ ವಿನಾಯಿತಿ ಪಟ್ಟಿಯಲ್ಲಿ ಇರಲೇಬೇಕು, ಅದರ ಅರ್ಜಿಗೆ ಉತ್ತರ ಗಂಟೆಗಳಲ್ಲಿ ಸಿಗಬೇಕು. ಟೆಸ್ಟು ಬೇಡ ಅಂತಲ್ಲ. ಇಳಿದ ಮೇಲೆ ಮಾಡಿ, ಫಲಿತಾಂಶ ಬರುವವರೆಗೆ ಕೂರಿಸಿ. ಆದರೆ ಬದುಕಿರುವಾಗ ಬರಲು ಬಿಡಿ.

ಮೂರು, ಪ್ರತಿ ನಿಯಮಕ್ಕೂ ಮುಗಿಯುವ ದಿನಾಂಕ ಇರಲಿ. ಏರ್ ಸುವಿಧಾ ಫಾರ್ಮನ್ನು ಕೈಬಿಟ್ಟದ್ದು 2022ರ ನವೆಂಬರ್ 22ಕ್ಕೆ, ಅಮೆರಿಕ ಲಸಿಕೆ ಷರತ್ತನ್ನು ಬಿಟ್ಟದ್ದು 2023ರ ಮೇ ತಿಂಗಳಿಗೆ. ಯಾಕೆ ಇನ್ನೂ ಇದೆ ಅಂತ ಯಾರೂ ಕೇಳದಿದ್ದರೆ ನಿಯಮ ತಾನಾಗಿ ಹೋಗೋದಿಲ್ಲ. ಹಳೇ ಕೋಡ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಮ್ಮ ಕೈಲಾಗೋ ಕೆಲಸವೂ ಸ್ವಲ್ಪ ಇದೆ. ಅಪ್ಪ ಅಮ್ಮನ ಆಸ್ಪತ್ರೆ ಕಾಗದಗಳ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನಿಮ್ಮ ಪಾಸ್‌ಪೋರ್ಟ್‌ಗೂ ಲಸಿಕೆ ಪ್ರಮಾಣಪತ್ರಕ್ಕೂ ಹೆಸರು, ಹುಟ್ಟಿದ ದಿನಾಂಕ ಹೊಂದುತ್ತವೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಊರಿನಲ್ಲಿ ರಾತ್ರಿ ಹೊತ್ತಲ್ಲೂ ಆಸ್ಪತ್ರೆಗೆ ಓಡಬಲ್ಲವರು ಯಾರು ಅಂತ ಈಗಲೇ ಮಾತಾಡಿಕೊಂಡಿರಿ. ಮತ್ತು ನಿಮ್ಮ ಕಂಪನಿಯನ್ನು ಒಂದು ಪ್ರಶ್ನೆ ಕೇಳಿ: ಬಾಗಿಲು ಮುಚ್ಚಿ ನಾನು ಊರಲ್ಲೇ ಸಿಕ್ಕಿಹಾಕಿಕೊಂಡರೆ ಅಲ್ಲಿಂದ ಎಷ್ಟು ದಿನ ಕೆಲಸ ಮಾಡಲು ಬಿಡ್ತೀರಿ? ಲಿಖಿತ ಉತ್ತರ ತಗೊಳ್ಳಿ. ಕಷ್ಟ ಬಂದ ದಿನ ಅದನ್ನು ಕೇಳಲು ಸಮಯ ಇರೋದಿಲ್ಲ.