ಹಿತ್ತಲಿನ ಕೋಳಿ, ಮನೆಯ ಆರೋಗ್ಯ



ಕೆಲವು ದಿನಗಳ ಹಿಂದೆ ಗರ್ಭಿಣಿಯೊಬ್ಬರು ಪತಿಯೊಡನೆ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಪರೀಕ್ಷಿಸಲಾಗಿ ಆಕೆಗೆ ರಕ್ತಹೀನತೆಯಿತ್ತು. ಕಂಕುಳಲ್ಲಿದ್ದ ಮಗುವೂ ಸೊರಗಿತ್ತು. ಮನೆಯಲ್ಲಿ ಹತ್ತು ಕೋಳಿಗಳಿವೆಯೆಂದೂ, ಮೊಟ್ಟೆಗಳೆಲ್ಲ ಸಂತೆಗೆ ಹೋಗುವುವೆಂದೂ ಪತಿ ತಿಳಿಸಿದರು. ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು ನಾನು ಹೇಳಿದ್ದಿಷ್ಟೆ: ಮೊಟ್ಟೆ ಮೊದಲು ಮನೆಗೆ, ಮಿಕ್ಕದ್ದು ಸಂತೆಗೆ.

ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ದಿನಕ್ಕೊಂದು ಮೊಟ್ಟೆ ದೊರೆಯಲಿ. 6 ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ, ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಸ್ವಲ್ಪಸ್ವಲ್ಪವಾಗಿ ತಿನ್ನಿಸಿರಿ.

ಕೋಳಿ, ಬಾತು, ಹೆಬ್ಬಾತು ಯಾವುದೇ ಇರಲಿ, ಗೂಡು ಮಲಗುವ ಕೋಣೆಯಿಂದಲೂ ಕುಡಿಯುವ ನೀರಿನಿಂದಲೂ ದೂರವಿರಲಿ. ಹಿಕ್ಕೆಯನ್ನು ಗೊಬ್ಬರದ ಗುಂಡಿಗೆ ಹಾಕಿ ಸಾಬೂನಿನಿಂದ ಕೈ ತೊಳೆಯಿರಿ. ಕೋಳಿಗಳಿಗೆ ರಾಣಿಖೇತ್ ರೋಗದ ಲಸಿಕೆ ಹಾಕಿಸಿರಿ. ಹಕ್ಕಿಗಳು ಒಮ್ಮೆಗೇ ಸಾಯತೊಡಗಿದರೆ ಅವನ್ನು ತಿನ್ನದೆ, ಮಾರದೆ, ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಿರಿ.

ಕೋಳಿಗೆ ಕಾಳು ಹಾಕುವ ಕೈ ಸಾಮಾನ್ಯವಾಗಿ ಗೃಹಿಣಿಯದು. ಆಕೆಯ ತಟ್ಟೆಗೂ ಮೊಟ್ಟೆ ಬಂದಿತೇ ಎಂದು ನೋಡುವ ಹೊಣೆ ಪತಿಯದಾಗಲಿ.